ಮೂರು ಚಮಚ ಉಪ್ಪು, ಒಂದು ಲೋಟ ನೀರು

ನನ್ನ ಹೆಂಡತಿಯನ್ನು ನಾನು ಮೊದಲು ಕಂಡದ್ದು ಶಾಲೆಯ ವಿಜ್ಞಾನದ ಕೋಣೆಯಲ್ಲಿ. ಬಾಯಾರಿ ಒಳಹೊಕ್ಕವನು ಮೇಜಿನ ಮೇಲಿದ್ದ ಲೋಟವನ್ನೆತ್ತಿ ಗಟಗಟನೆ ಕುಡಿದೆ. "ಮೇಷ್ಟ್ರೇ, ಅದು ಪ್ರಯೋಗದ ಉಪ್ಪುನೀರು!" ಎಂದು ಹೊಸ ಟೀಚರು ಕೂಗುವಷ್ಟರಲ್ಲಿ ನನ್ನ ಮುಖ ಹಿಂಡಿದ ನಿಂಬೆಯಾಗಿತ್ತು. ಅವಳು ನಕ್ಕಳು. ಆ ನಗುವನ್ನೇ ಮದುವೆಯಾದೆ.

ನಿವೃತ್ತಿಯಾದ ಮೇಲೆ ನಾನು ಆರಾಮಕುರ್ಚಿ ಹಿಡಿದೆ. ಅವಳು ಕಡಲತೀರದ ಉಪ್ಪಿನಗದ್ದೆಯ ಸಂಶೋಧನಾ ಕೇಂದ್ರ ಸೇರಿದಳು. "ಒಂದೇ ವರ್ಷ ರೀ" ಎಂದಳು. ಮನೆಯಲ್ಲಿ ಉಳಿದದ್ದು ನಾನು ಮತ್ತು ಅವಳ ಒಂದು ಬಾಟಲಿ ಬ್ಯಾಕ್ಟೀರಿಯಾ. ಭಾನುವಾರಕ್ಕೊಂದು ಚಮಚ ಉಪ್ಪು ಹಾಕಿ ಅವನ್ನು ಮೆಲ್ಲಗೆ ಒಗ್ಗಿಸಬೇಕು. ತಿಂಗಳ ಕೊನೆಗೆ ಬಾಟಲಿ ಒಯ್ಯಲು ಅವಳು ಬರುವಳು.

"ಮರೀತೀರಿ ನೀವು."

"ಅರವತ್ತು ಮಕ್ಕಳನ್ನ ಕಣ್ಸನ್ನೆಯಲ್ಲೇ ಆಳಿದವನು ಕಣೇ! ಕಣ್ಣಿಗೇ ಕಾಣದವು ನನಗೆ ಯಾವ ಲೆಕ್ಕ?"

ಮೂರು ಭಾನುವಾರ ಮರೆತೆ! ಅವಳು ಬರಲು ಎಷ್ಟು ದಿನವೆಂದು ಎಣಿಸುವ ಭರದಲ್ಲಿ ವಾರದ ಹೆಸರುಗಳೇ ತಪ್ಪಿಹೋಗಿದ್ದವು. ನೆನಪಾದೊಡನೆ ಮೂರು ಚಮಚವನ್ನೂ ಒಮ್ಮೆಗೇ ಸುರಿದೆ. ಮರುದಿನ ನೋಡಿದರೆ, ಕದಡಿದ್ದ ನೀರು ತಿಳಿಯಾಗಿ ತಳದಲ್ಲಿ ಗಸಿ ಕೂತಿದೆ! ನೀರು ಕದಡಿದ್ದರೆ ತಾನೇ ಅವು ಬದುಕಿವೆಯೆಂದು ಲೆಕ್ಕ! ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಮೂವತ್ತು ವರ್ಷ ಪಾಠ ಹೇಳಿದವನಲ್ಲವೇ? ಪರಮ ಕರುಣೆಯಿಂದ ಒಂದು ಲೋಟ ಕಾಸಿ ಆರಿಸಿದ ಸಿಹಿನೀರು ಹೊಯ್ದೆ.

ಆಗಲೇ ಅವಳ ಫೋನು. "ಬಾಟಲಿ ಹೇಗಿದೆ?"

"ಬಾಟಲಿ ಚೆನ್ನಾಗಿದೆ. ಒಳಗಿನವರ ವಿಷಯ ಹೇಳಲಾರೆ."

"ರೀ! ಏನ್ ಮಾಡಿದ್ರಿ?"

ಒಪ್ಪಿಕೊಂಡೆ. ಅವಳು ನಿಟ್ಟುಸಿರಿಟ್ಟಳು. "ಉಪ್ಪು ಸುರಿದಾಗ ಮೈಯ ನೀರು ಸೋರಿ ಮುದುಡಿರ್ತವೆ. ತಡ್ಕೊಳ್ಳೋಕೆ ಒಳಗೂ ಲವಣ ಕೂಡಿಟ್ಟಿರ್ತವೆ. ಅಷ್ಟರಲ್ಲಿ ಸಿಹಿನೀರು ನುಗ್ಗಿದ್ರೆ ಉಬ್ಬಿ ಒಡೆಯಬೇಕು. ಮೈಮೇಲಿನ ಪುಟ್ಟ ಬಾಗಿಲು ತೆಗೆದು, ಕೂಡಿಟ್ಟದ್ದನ್ನ ಹೊರಗೆ ಚೆಲ್ಲಿದವು ಮಾತ್ರ ಉಳೀತವೆ."

"ಉಳಿಯದಿದ್ರೆ?"

"ಒಯ್ಯೋಕೆ ಏನಿರತ್ತೆ? ಈ ತಿಂಗಳು ಬರೋದಿಲ್ಲ ಅಷ್ಟೆ."

ಅಷ್ಟೆಯಂತೆ! ಎರಡು ದಿನ ಬಾಟಲಿಯ ಹಿಂದೆ ಪತ್ರಿಕೆ ಹಿಡಿದು ಕೂತೆ. ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದೊಂದು ಅಕ್ಷರವೂ ಎದೆಗೆ ಚುಚ್ಚಿತು. ಮೂರನೆಯ ಬೆಳಿಗ್ಗೆ ನೀರು ಮತ್ತೆ ಕದಡಿತ್ತು! ತಲೆಬರಹವನ್ನೂ ಓದಲಾಗಲಿಲ್ಲ! ಅಕ್ಷರ ಕಾಣದೆ ಹೋದುದಕ್ಕೆ ಕುಣಿದಾಡಿದ ಮೇಷ್ಟ್ರು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಅವಳು ಬಂದಳು. ಬಾಟಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇವು ಮೂರು ದಿನದಲ್ಲಿ ಚೇತರಿಸಿಕೊಂಡಿವೆ. ನೀವು, ನಾನು ಹೋಗಿ ಎಂಟು ತಿಂಗಳಾದ್ರೂ ಹೀಗೇ ಇದ್ದೀರಲ್ಲ!" ಎಂದಳು. ಎರಡು ದಿನವಿದ್ದು ಬಾಟಲಿಯೊಡನೆ ಹೊರಟಳು.

ಒಂದರ ಮೇಲೊಂದು ಎರಡು ಪೆಟ್ಟು ತಿಂದೂ ಬದುಕಿದ ಇಂಥ ಗಟ್ಟಿಜೀವಗಳನ್ನು ಕೇಂದ್ರದವರು ಕಂಡಿರಲಿಲ್ಲವಂತೆ. ಅವುಗಳ ಅಧ್ಯಯನಕ್ಕೆಂದು ಅವಳನ್ನು ಇನ್ನೂ ಎರಡು ವರ್ಷ ಉಳಿಸಿಕೊಂಡಿದ್ದಾರೆ! ಈಗ ಅವಳು ದಿನವಿಡೀ ಅಲ್ಲಿ ನನ್ನ ತಪ್ಪನ್ನೇ ಅಳತೆಯಿಟ್ಟು ಮತ್ತೆ ಮತ್ತೆ ಮಾಡುತ್ತಿದ್ದಾಳೆ. ಸಂಜೆ ಫೋನು ಬಂದರೆ ಓಡಿಹೋಗಿ ಎತ್ತುತ್ತೇನೆ. "ರೀ," ಎನ್ನುತ್ತಾಳೆ ಮೃದುವಾಗಿ, "ಆವತ್ತು ಲೋಟದ ತುಂಬ ಹಾಕಿದ್ರಾ, ಸ್ವಲ್ಪ ಕಡಿಮೆನಾ?"