ಎಸ್ತೇರವ್ವನ ಕಿಟಕಿಯ ಕರಿ ಕಾಗದ

ಕೆಲವರಿಗೆ ನೆಗಡಿ ಬೇಗ ಅಂಟುತ್ತದೆ. ನನಗೆ ಇನ್ನೊಬ್ಬರ ಧ್ವನಿ ಅಂಟುತ್ತದೆ. ಯಾರ ಜೊತೆ ಎರಡು ಮಾತಾಡಿದರೂ ಸಂಜೆಯೊಳಗೆ ಅವರು ನನ್ನ ಗಂಟಲಲ್ಲಿ ಬಂದು ಕೂತಿರುತ್ತಾರೆ. ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಭಾನುವಾರ ಮಾಡಿದ ಪ್ರಸಂಗವನ್ನು ಸೋಮವಾರ ಮುಂಬಯಿ ಜೋಗೇಶ್ವರಿಯ ನಮ್ಮ ಚಾಳಿನ ನಲ್ಲಿಯ ಬಳಿ, ಅವರ ಕೆಮ್ಮಿನ ಸಮೇತ, ನಾನು ಇನ್ನೊಮ್ಮೆ ಮಾಡುತ್ತಿದ್ದೆ. ಚರ್ಚಿನಲ್ಲಿ ತೂಕಡಿಸಿದವರೂ ನಲ್ಲಿಯ ಬಳಿ ಎಚ್ಚರವಾಗಿರುತ್ತಿದ್ದರು. ಅಯ್ಯನವರಿಗೂ ಇದು ಗೊತ್ತಿತ್ತು. ಬೈಬಲ್ ವಚನಗಳನ್ನಾದರೂ ತಪ್ಪಿಲ್ಲದೆ ಹೇಳಪ್ಪಾ ಎಂದಿದ್ದರು, ಅಷ್ಟೆ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಬಂತು, ಬೆನ್ನಿಗೇ ಬ್ಲ್ಯಾಕ್‌ಔಟ್. ಮುಂಬಯಿಯ ಕಿಟಕಿಗಳೆಲ್ಲ ಕರಿ ಕಾಗದ ಹೊದ್ದವು. ನಮ್ಮ ಚಾಳಿಗೆ ಶಿಂದೆ ಕಾಕಾ ವಾರ್ಡನ್ ಆದರು. ಸೊಲ್ಲಾಪುರದವರಾದ್ದರಿಂದ ಕನ್ನಡ ಬರುತ್ತಿತ್ತು. ಅಧಿಕಾರ ಚಲಾಯಿಸುವುದು ಮಾತ್ರ ಮರಾಠಿಯಲ್ಲಿ. ಕಾಗದದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸೀಟಿ ಊದಿ, "ಲೈಟ್ ಬಂದ್ ಕರಾ" ಎಂದು ಕೂಗುವರು. ಆ ಕೂಗು ನನಗೆ ಅಂಟದೆ ಬಿಡುತ್ತದೆಯೆ? ಒಂದು ಸಂಜೆ ಮೆಟ್ಟಿಲ ಕೆಳಗೆ ನಿಂತು ಕೂಗಿ ನೋಡಿದೆ. ಚಾಳಿಗೆ ಚಾಳೇ ಕತ್ತಲಾಯಿತು. ಎಲ್ಲಕ್ಕಿಂತ ಮೊದಲು ಆರಿದ್ದು ಶಿಂದೆ ಕಾಕಾ ಮನೆಯ ದೀಪ.

ಯುದ್ಧ ಮುಗಿಯಿತು, ಎಲ್ಲರೂ ಕಾಗದ ಕಿತ್ತರು. ನಮ್ಮ ಪಕ್ಕದ ಖೋಲಿಯ ಎಸ್ತೇರವ್ವನ ಕಿಟಕಿ ಮಾತ್ರ ಕಪ್ಪಗೇ ಉಳಿಯಿತು. ಬೆಟಗೇರಿ ಕಡೆಯ ಹೆಣ್ಣುಮಗಳು. ಒಬ್ಬನೇ ಮಗ ಸ್ಯಾಮು ಮಿಲಿಟರಿಯಲ್ಲಿ ಲಾರಿ ಡ್ರೈವರ್. ಗುಂಡು ನಿಂತರೂ ಅವನ ಸುದ್ದಿ ಬಂದಿರಲಿಲ್ಲ. ಅವನೇ ಬಂದು ಕೀಳುವ ತನಕ ಆ ಕಾಗದ ತೆಗೆಯುವುದಿಲ್ಲ ಎಂದು ಆಕೆ ದೇವರ ಮುಂದೆ ಹೇಳಿಬಿಟ್ಟಿದ್ದಳು. ಹೀಗಾಗಿ ಈ ಸಲ ಕ್ರಿಸ್ಮಸ್ಸಿಗೆ ನಕ್ಷತ್ರವಿಲ್ಲ, ಕರ್ಚಿಕಾಯಿ ಇಲ್ಲ, ದೀಪ ಕೂಡ ಇಲ್ಲ. ಪ್ರತಿ ವರ್ಷ ಮನೆಮನೆಗೆ ಹಾಡುತ್ತ ಹೋಗುವ ನಮ್ಮ ಕ್ಯಾರಲ್ ಪಾರ್ಟಿ ಕೊನೆಯ ಹಾಡನ್ನು ಹಾಡುತ್ತಿದ್ದುದು ಆಕೆಯ ಬಾಗಿಲಲ್ಲಿ. ಅದಕ್ಕೆ ಕಾರಣ ಭಕ್ತಿಯೆಂದು ಅಯ್ಯನವರು, ಕರ್ಚಿಕಾಯಿಯೆಂದು ನಾನು. ಈ ಸಲ ಆ ಮನೆ ಬಿಟ್ಟುಬಿಡೋಣ ಎಂದರು ಹಿರಿಯರು.

ನನಗೆ ತಡೆಯಲಿಲ್ಲ. ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಪಾರ್ಟಿಯನ್ನು ಕೆಳಗೆ ನಿಲ್ಲಿಸಿ, ಎಸ್ತೇರವ್ವನನ್ನು ನಗಿಸಿಯೇ ಬರುತ್ತೇನೆಂದು ಮೇಲೆ ಹೋಗಿ ಶಿಂದೆ ಕಾಕಾ ಗಂಟಲಲ್ಲಿ "ಲೈಟ್ ಬಂದ್ ಕರಾ" ಎಂದು ಕೂಗಿದೆ. ಒಳಗಿನ ಕತ್ತಲೆಯಿಂದ ಉತ್ತರ ಬಂತು.

"ಹಚ್ಚಿದ್ರ ಅಲ್ಲೇನ್ರಿ ಆರಸೂದು, ಕಾಕಾ."

ನನ್ನ ಗಂಟಲಲ್ಲಿದ್ದ ಶಿಂದೆ ಕಾಕಾ ಆ ಕ್ಷಣವೇ ಖಾಲಿ ಮಾಡಿ ಹೊರಟರು. ಆದರೆ ನಿಜವಾದವರು ಬೆನ್ನ ಹಿಂದೆಯೇ ನಿಂತಿದ್ದರು. ತಮ್ಮ ಧ್ವನಿ ತಮ್ಮನ್ನು ಬಿಟ್ಟು ತಿರುಗಾಡುವುದನ್ನು ಕೇಳಿ ವಿಚಾರಣೆಗೆ ಬಂದಿದ್ದರು. ಕಿವಿ ಹಿಂಡುತ್ತಾರೆಂದುಕೊಂಡೆ. ಅವರು ಬಾಗಿಲು ತಟ್ಟಿದರು.

"ಎಸ್ತೇರಬಾಯಿ, ಬ್ಲ್ಯಾಕ್‌ಔಟ್ ಕ್ಯಾನ್ಸಲ್ ಆಗೇದ. ವಾರ್ಡನ್ ಹೇಳಾಕತ್ತೀನಿ, ಲೈಟ್ ಹಚ್ಚ್ರಿ."

"ಕಾಗದ ತಗಿಯಂಗಿಲ್ರಿ. ದೇವ್ರ ಮುಂದ ಆಡಿದ ಮಾತದು."

"ತಗೀಬ್ಯಾಡ್ರಿ. ಮನ್ಯಾಗ ಸೂಜಿ ಐತಿಲ್ಲೊ?"

ಒಳಗೆ ದೀಪ ಹತ್ತಿತು. ಎಸ್ತೇರವ್ವ ಒಳಗಿನಿಂದ ಕಾಗದಕ್ಕೆ ಸೂಜಿ ಚುಚ್ಚತೊಡಗಿದಳು. ಶಿಂದೆ ಕಾಕಾ ಹೊರಗೆ ನಿಂತು ಬಲಕ್ಕೆ, ಇನ್ನೂ ಬಲಕ್ಕೆ ಎಂದು ಮರಾಠಿಯಲ್ಲಿ ಹುಕುಂ ಕೊಟ್ಟರು. ಒಂದು ತೂತಿಗೆ ಸೀಟಿ ಊದುತ್ತಿದ್ದ ಮನುಷ್ಯ ಈಗ ಇನ್ನೊಂದು ಚುಚ್ಚಿರಿ ಎನ್ನುತ್ತಿದ್ದರು. ಅವರ ಬಲ ಆಕೆಗೆ ಎಡವಾಗುತ್ತದೆಂಬುದು ಇಬ್ಬರಿಗೂ ಹೊಳೆಯದೆ, ಮೂಡಿದ ನಕ್ಷತ್ರದ ಒಂದು ಕಾಲು ಕುಂಟಾಯಿತು. ಆದರೂ ಕರಿ ಕಾಗದದ ಮೇಲೆ ಅದು ಮಿನುಗಿದಾಗ ಕೆಳಗಿದ್ದ ಪಾರ್ಟಿ ಯಾರೂ ಕರೆಯದೆಯೇ ಮೇಲೆ ಬಂತು. ಕೊಟ್ಟ ಮಾತೂ ಉಳಿಯಿತು, ಹಬ್ಬವೂ ಬಂತು.

ಹಾಡು ಮುಗಿದ ಮೇಲೆ ಅಯ್ಯನವರು ಸ್ಯಾಮುವಿಗಾಗಿ ಪ್ರಾರ್ಥಿಸಲು ನನಗೇ ಹೇಳಿದರು. ನಾನು ಪ್ರಾರ್ಥಿಸುವುದೇ ಅಯ್ಯನವರ ಧ್ವನಿಯಲ್ಲಿ, ಬೇರೆಯದು ಅಭ್ಯಾಸವಿಲ್ಲ. ಅವರೇ ಎದುರಿಗೆ ನಿಂತಿರುವಾಗ ಮಾಡುವುದು ಹೇಗೆ? ಬಾಯಿ ತೆರೆದೆ. ಯಾವುದೋ ಬಡಕಲು ಧ್ವನಿ ಹೊರಟು, ಸ್ವಾಮೀ, ಸ್ಯಾಮು ಮನೆಗೆ ಬರಲಿ ಎಂದಿತು, ನಡುವೆ ಒಡೆಯಿತು, ಆಮೆನ್ ಹೇಳಲೂ ಮರೆಯಿತು.

ಎಸ್ತೇರವ್ವ ಕಣ್ಣೊರೆಸಿಕೊಂಡು ಕೇಳಿದಳು. "ಇದು ಯಾರ ದನೀನೋ? ಬರೋಬರಿ ಬಂದಿಲ್ಲ ನೋಡು." ಮುಂಜಾನೆ ಲಗೂನ ಬಂದು ಕರ್ಚಿಕಾಯಿ ತುಂಬಲು ಕೈಹಚ್ಚಬೇಕೆಂದೂ ಹೇಳಿದಳು.

ಜನವರಿಯಲ್ಲಿ ಸ್ಯಾಮು ಬಂದ, ಕೈಗೊಂದು ಪಟ್ಟಿ ಕಟ್ಟಿಕೊಂಡು. ಕಾಗದ ಕೀಳುವ ಮೊದಲು ಹೊರಗೆ ನಿಂತು, ಈ ನಕ್ಷತ್ರದ ಕಾಲು ಮುರಿದವರು ಯಾರೆಂದು ವಿಚಾರಿಸಿದ. ಅವತ್ತು ಸಂಜೆ ಎಸ್ತೇರವ್ವ ಚಾಳಿನವರನ್ನೆಲ್ಲ ಕೂಡಿಸಿಕೊಂಡು, ಮಗನೆದುರು ನನ್ನ ಪ್ರಾರ್ಥನೆಯನ್ನು ಮಾಡಿ ತೋರಿಸಿದಳು: ಅದೇ ಬಡಕಲು ಧ್ವನಿ, ಅದೇ ಜಾಗದಲ್ಲಿ ಒಡೆದದ್ದು, ಮರೆತ ಆಮೆನ್ ಕೂಡ. ಶಿಂದೆ ಕಾಕಾ ಗೋಡೆ ಹಿಡಿದುಕೊಂಡು ನಕ್ಕರು.

ಬರೋಬರಿ ಬಂದಿತ್ತು. ನಡುನಡುವೆ ಮೂಗು ಸೊರಸೊರ ಎಳೆದದ್ದು ಮಾತ್ರ ಸ್ವಲ್ಪ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ, ಚಾಳಿನವರು ಒಪ್ಪಲಿಲ್ಲ.