ಗಡಿಕಲ್ಲಿನ ಮೇಲೆ ಸೀರೆ ಒಗೆದವಳು

ಸರ್ವೆಯರನ ನೌಕರಿಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ ನೋಡ್ರಿ. ಅಳೆಯುವುದು ನೆಲ, ಎಡವುವುದು ಮಾತ್ರ ಮನುಷ್ಯರ ಮಾತಿಗೆ.

ಸ್ವಾತಂತ್ರ್ಯ ಬಂದ ಹೊಸತು. ನಿಜಾಮನ ಸೀಮೆ ಇನ್ನೂ ನಮ್ಮ ದೇಶಕ್ಕೆ ಸೇರಿರಲಿಲ್ಲ. ಸಿರುಗುಪ್ಪದ ಹತ್ತಿರ ಹೊಳೆಯ ಈಚೆ ನಾವು, ಆಚೆ ಪರದೇಶ! ನಡುಗಡ್ಡೆಯಲ್ಲಿ ಗಡಿ ಎಲ್ಲಿ ಹಾದಿದೆ ಎಂದು ಗುರುತಿಸಲು ಬಳ್ಳಾರಿ ಕಚೇರಿಯಿಂದ ನನ್ನನ್ನು ಅಟ್ಟಿದರು. ಕುರುಗೋಡಿನಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ, ಹೆಗಲ ಮೇಲೆ ಅಳತೆಯ ಸರಪಳಿ. ಆಹಾ, ಎಂಥಾ ದಿನಗಳವು!

೧. ಸರಪಳಿ ಯಾರಿಗೆ?

ಹರಿಗೋಲಿನ ಅಂಬಿಗ ಸರಪಳಿ ನೋಡಿ ಹೌಹಾರಿದ.

"ಯಾರನ್ನ ಕಟ್ಟಾಕ ಹೊಂಟೀರಿ, ಸಾಹೇಬ್ರ?"

"ಯಾರನ್ನೂ ಇಲ್ಲೋ ಮಾರಾಯ. ನೆಲಕ್ಕ ಹಾಕಾಕ."

"ಯಾಕ್ರಿ, ನೆಲ ಏನ್ ಓಡಿ ಹೋಗಾಕತ್ತೈತೇನ್ರಿ?"

ಆ ಅಂಬಿಗನೂ ಈಗಿಲ್ಲ, ಹರಿಗೋಲೂ ಇಲ್ಲ. ಹೊಳೆಗಾಳಿ ಬೀಸಿದರೆ ಇವತ್ತಿಗೂ ಅವನ ಮಾತು ನೆನೆದು ಒಬ್ಬನೇ ನಗುತ್ತೇನೆ.

೨. ಕಲ್ಲು ಸಿಕ್ಕಿತು

ಗಡಿಕಲ್ಲು ನಕ್ಷೆಯಲ್ಲಿತ್ತು, ನೆಲದ ಮೇಲೆ ಕಾಣಲಿಲ್ಲ. ಬಿಸಿಲಲ್ಲಿ ಹುಡುಕಿ ಹುಡುಕಿ ಹೈರಾಣಾದೆ. ಕೊನೆಗೆ ನೋಡಿದರೆ, ಅಜ್ಜಿಯೊಬ್ಬಳು ಅದರ ಮೇಲೆ ಸೀರೆ ಒಗೆಯುತ್ತಿದ್ದಾಳೆ!

"ಅಜ್ಜಿ, ಇದು ಎರಡು ದೇಶದ ಗಡಿಕಲ್ಲು!"

"ಹೌದೇನಪ್ಪ? ಅದಕ್ಕ ಮತ್ತ, ಕೊಳಿ ಇಷ್ಟು ಚಂದ ಬಿಡತೈತಿ!"

೩. ದಾಟಿದವರು ಯಾರು?

ನಗು ಅಲ್ಲಿಗೇ ನಿಂತಿತು. ಕಲ್ಲಿನ ಈಚೆ ಅಜ್ಜಿಯ ಗುಡಿಸಲು. ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಗಳದು. ಮಗಳು ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ? ನಾನು ಗಡಿ ತೋರಿಸಿದ್ದೇ ತಡ, ಜೊತೆಗೆ ಬಂದಿದ್ದ ಪೊಲೀಸಪ್ಪ ಲಾಠಿ ಹಿಡಿದು ಕಲ್ಲಿನ ಪಕ್ಕ ನಿಂತುಬಿಟ್ಟ.

"ಆ ಕಡೆಯವರು ಪರವಾನಗಿ ಇಲ್ಲದ ಗಡಿ ದಾಟಂಗಿಲ್ಲ!"

ಅಜ್ಜಿ ಕೈಮುಗಿದಳು. "ಹೆರಿಗಿ ನೋವು ಪರವಾನಗಿ ಕೇಳಿ ಬರತೈತೇನಪ್ಪ?"

ಅವನು ಜಗ್ಗಲಿಲ್ಲ. ನನಗೂ ಅಯ್ಯೋ ಅನ್ನಿಸಿತು. ಆದರೂ ಸರಪಳಿ ಸುತ್ತಿಕೊಂಡು ನಡೆದೆ, ನೌಕರಿ ನೋಡ್ರಿ.

ಮರುದಿನ ನಾನೂ ಪೊಲೀಸಪ್ಪನೂ ಸಿರುಗುಪ್ಪದ ಸಂತೆಗೆ ಹೋಗಿ ಸಂಜೆ ಮರಳಿದರೆ ಕಲ್ಲೇ ಮಾಯ! ಹುಡುಕಿಕೊಂಡು ಹೋದೆವು. ಮಗಳ ಗುಡಿಸಲಿನ ಆಚೆ ಬದಿಗೆ, ಅಳಿಯ ಬೆವರು ಒರೆಸಿಕೊಳ್ಳುತ್ತಾ ಅದೇ ಕಲ್ಲಿನ ಮೇಲೆ ಕುಂತಿದ್ದ. ಮಗಳ ಗುಡಿಸಲು ಖಾಲಿ. ಅಷ್ಟರಲ್ಲಿ ಅಜ್ಜಿಯ ಗುಡಿಸಲಿನಿಂದ ಕೂಸಿನ ಅಳು ಕೇಳಿತು.

ಪೊಲೀಸಪ್ಪ ಓಡಿಹೋಗಿ ಬಾಗಿಲಲ್ಲಿ ಅಬ್ಬರಿಸಿದ: "ನಿನ್ನ ಮಗಳು ಗಡಿ ದಾಟ್ಯಾಳ!"

ಅಜ್ಜಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಸುಳ್ಳು ಹೇಳಬ್ಯಾಡೋ ಯಪ್ಪಾ. ನನ್ನ ಮಗಳು ಗಡಿ ದಾಟಿಲ್ಲ. ಗಡಿನೇ ನನ್ನ ಮಗಳನ್ನ ದಾಟಿ ಹೋಗೈತಿ!"