ಚಿಕ್ಕಪ್ಪ ಕರೆದ ಹಾಜರಿ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನಮ್ಮ ಅಜ್ಜಿಯೂ ನಂಬಲಿಲ್ಲ. ಅವಳು ಅದೇ ಮನೆಯಲ್ಲಿದ್ದು ಕಣ್ಣಾರೆ ನೋಡಿದವಳು! ಕಿವಿಯ ಮೇಲೆ ಕೂದಲು ನರೆತ, ಮೂಗಿನ ಮೇಲೆ ಕನ್ನಡಕ ನಿಲ್ಲದ, ನಲವತ್ತು ದಾಟಿದ ನಮ್ಮ ಚಿಕ್ಕಪ್ಪ ಮತ್ತೆ ಕಾಲೇಜಿಗೆ ಸೇರಲು ಅರ್ಜಿ ಹಾಕಿದ. ನಮ್ಮ ಕೊಡ್ಲಿಪೇಟೆ ಕಡೆ ಆ ವಯಸ್ಸಿನವರು ಅರ್ಜಿ ಬರೆಸುತ್ತಿದ್ದುದು ಎರಡೇ ಕಾರಣಕ್ಕೆ. ಒಂದು ಪಕ್ಕದವನ ಬೇಲಿಯ ಮೇಲೆ, ಇನ್ನೊಂದು ಪಕ್ಕದವನ ಎಮ್ಮೆಯ ಮೇಲೆ.

ಚಿಕ್ಕಪ್ಪ ಹುಡುಗನಾಗಿದ್ದಾಗಲೇ ಮದರಾಸಿಗೆ ಹೋಗಿ ಬಿ.ಎ. ಮುಗಿಸಿಕೊಂಡು ಬಂದಿದ್ದ. ಬಂದ ದಿನ ಅವನ ಬೂಟು ನೋಡಲು ಇಡೀ ಊರು ನೆರೆದಿತ್ತಂತೆ. ಇಡೀ ಊರು ಅಂದರೆ ನಮ್ಮ ಓಣಿ; ಸ್ವಲ್ಪ ಹಿಗ್ಗಿಸಿದ್ದೇನೆ, ಅಷ್ಟೇ. ಆಮೇಲೆ ಸುಂಟಿಕೊಪ್ಪದ ಹತ್ತಿರ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರಾದ. ರೈಟರ್ ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದು, ಸಂಜೆ ಅವರ ಲೆಕ್ಕ ಬರೆಯುವುದು, ವಾರಕ್ಕೊಮ್ಮೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಹೀಗೆ ಅವನ ಅರ್ಧ ಆಯುಸ್ಸು ಕಳೆಯಿತು. ಒಂದು ದಿನ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ತಗಡಿನ ಟ್ರಂಕು ಹೊತ್ತುಕೊಂಡು ಮನೆಯ ಜಗಲಿಗೆ ಬಂದು ಕೂತ.

"ಬಿಟ್ಟೆ" ಅಂದ.

"ಏನ್ನ, ನಶ್ಯಾನಾ?" ಅಂದ ನಮ್ಮಪ್ಪ. ಅಪ್ಪ ಮನೆಗೆ ಹಿರಿಯ, ಚಿಕ್ಕಪ್ಪನಿಗೆ ಅಣ್ಣ. ಗದ್ದೆ, ತೋಟ, ಎಮ್ಮೆ, ನಮ್ಮೆಲ್ಲರ ಮೂಗುದಾರ ಎಲ್ಲ ಅವನ ಕೈಯಲ್ಲೇ.

"ಎಸ್ಟೇಟ್ನ, ಅಣ್ಣ."

ಅಜ್ಜಿ ಒಳಗಿಂದ ಓಡಿ ಬಂದಳು. "ಯಾಕ್ಲಾ ಮಗ, ದೊರೆ ಬೈದ್ನಾ?"

"ಇಲ್ಲವ್ವ. ಜನರ ಹೆಬ್ಬೆಟ್ಟು ಒತ್ತಿಸಿ ಒತ್ತಿಸಿ ಸಾಕಾಯ್ತು. ಇನ್ಮೇಲೆ ಒಂದಿಷ್ಟು ಮಕ್ಕಳ ಕೈಲಿ ಬಳಪ ಹಿಡಿಸ್ತೀನಿ."

ಅಜ್ಜಿ ಅವನ ಹೆಬ್ಬೆರಳು ಹಿಡಿದು ತಿರುಗಿಸಿ ನೋಡಿದಳು. "ಒತ್ತಿದೋರ ಬೆಳ್ಳು ಸವೀಬೇಕಿತ್ತು. ಒತ್ತಿಸ್ಕಂಡೋನಿಗೆ ಏನಾಯ್ತು ಅಂತ?"

ಏನಾಗಿತ್ತೋ ಏನೋ, ಚಿಕ್ಕಪ್ಪ ಕೊಡ್ಲಿಪೇಟೆಯ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರಾಗಿ ಸೇರಿಯೇ ಬಿಟ್ಟ. ಆದರೆ ಹಂಗಾಮಿ ಖಾಯಂ ಆಗಬೇಕಾದರೆ ಎಲ್.ಟಿ. ಪಾಸು ಮಾಡಬೇಕು. ಅಂದರೆ ಬಿ.ಎ. ಆದವರು ಪಾಠ ಹೇಳುವುದನ್ನು ಕಲಿಯಲು ಮದರಾಸಿನಲ್ಲಿ ಒಂದು ವರ್ಷ ಮತ್ತೆ ಬೆಂಚಿನ ಮೇಲೆ ಕೂರಬೇಕು. ಎಲ್ಲರಿಗೂ ಸೀಟು ಸಿಗುವುದಿಲ್ಲ. ಅರ್ಜಿ ಹಾಕಬೇಕು, ಇನ್ಸ್‌ಪೆಕ್ಟರರ ಎದುರು ಮಾದರಿ ಪಾಠ ಮಾಡಬೇಕು, ಅವರ ತಲೆ ಮೇಲೆ ಕೆಳಗೆ ಆಡಬೇಕು.

ಅದು ಒಂದು ಕಡೆಯ ಕಷ್ಟ. ಇನ್ನೊಂದು ಕಡೆ ನಮ್ಮಪ್ಪ! ಯಾರನ್ನೂ ಕೇಳದೆ ಸುಂಟಿಕೊಪ್ಪದ ದೊರೆಗೆ ಮಾತು ಕೊಟ್ಟುಬಿಟ್ಟಿದ್ದ: "ಮಳೆ ಹಿಡಿಯೋದ್ರೊಳಗೆ ನನ್ನ ತಮ್ಮ ವಾಪಸ್ ಬತ್ತಾನೆ ಸ್ವಾಮಿ, ಕೆಲಸ ಬೇರೆಯೋರಿಗೆ ಕೊಡಬೇಡಿ." ನಮ್ಮಪ್ಪನ ಮಾತು ಅಂದರೆ ಗೂಟಕ್ಕೆ ಕಟ್ಟಿದ ಎಮ್ಮೆ. ಗೂಟ ಕಿತ್ತು ಬಂದರೂ ಎಮ್ಮೆ ಅಲ್ಲೇ ಮಲಗಿರುತ್ತದೆ. ಸೀಟು ಸಿಕ್ಕಿದರೂ ಅಣ್ಣನ ಮಾತು ಮೀರಿ ಹೊಸಿಲು ದಾಟುವವನಲ್ಲ ನಮ್ಮ ಚಿಕ್ಕಪ್ಪ. ಹಾಗಾಗಿ ಮಳೆ ಮೊದಲೋ, ಮದರಾಸು ಮೊದಲೋ ಎಂದು ನಾವೆಲ್ಲ ಆಕಾಶ ನೋಡುತ್ತ ಕೂತೆವು.

ಚಿಕ್ಕಪ್ಪ ಮಾತ್ರ ಕೂರಲಿಲ್ಲ. ಟ್ರಂಕಿನ ಜೊತೆ ಎಸ್ಟೇಟನ್ನೂ ಹೊತ್ತು ತಂದಿದ್ದನಲ್ಲ! ಅಲ್ಲಿ ಹಾಜರಿಗೆ ರೈಲುಕಂಬಿಯ ತುಂಡು ಬಾರಿಸುತ್ತಿದ್ದರಂತೆ. ಇಲ್ಲಿ ಹಲಸಿನ ಮರಕ್ಕೆ ಒಂದು ಮುರುಕು ಗುದ್ದಲಿ ನೇತುಹಾಕಿದ. ಕೋಳಿ ಕೂಗುವ ಮೊದಲೇ ಢಣ್ ಢಣ್ ಢಣ್! ನಮ್ಮ ಹುಂಜಕ್ಕೆ ಅವಮಾನವಾಗಿ ಒಂದು ವಾರ ಕೂಗಲೇ ಇಲ್ಲ. ಎಲ್ಲರೂ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲಬೇಕು. ಚಿಕ್ಕಪ್ಪ ಜಗಲಿಯ ಮೇಲೆ ನಿಂತು ಕರೆಯುತ್ತಿದ್ದ.

"ಅವ್ವ!"

"ಇದೀನಿ, ಇನ್ನೆಲ್ಲಿ ಸಾಯ್ಲಿ?" ಇದು ಅಜ್ಜಿ.

ಚಿಕ್ಕಮ್ಮನ ಹೆಸರು ಕರೆಯಲು ಚಿಕ್ಕಪ್ಪನಿಗೆ ನಾಚಿಕೆ. ಅವಳ ಸರದಿ ಬಂದಾಗ ಕೆಮ್ಮುತ್ತಿದ್ದ. ಅವಳು "ಹ್ಞೂಂ" ಅನ್ನುತ್ತಿದ್ದಳು. ಆಮೇಲೆ ನಾನು, ಹದಿನೈದು ವರ್ಷದ ಕುಮಾರಿ, ಎರಡು ಜಡೆ, ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತೆ. "ಇದೀನಿ ರೈಟ್ರೇ!" ಎಂದು ಸೆಲ್ಯೂಟು ಹೊಡೆಯುತ್ತಿದ್ದೆ. ಕೊನೆಗೆ ತಗ್ಗಿದ ದನಿಯಲ್ಲಿ, "ಅಣ್ಣಾ."

ಉತ್ತರ ಇಲ್ಲ. ಅಪ್ಪ ಕಂಬಳಿಯೊಳಗೇ ಇರುತ್ತಿದ್ದ. "ನಾನೇನು ಇವನ ಆಳಾ?" ಎಂಬ ಗೊಣಗು ಮಾತ್ರ ಕಿಟಕಿಯಿಂದ ಬರುತ್ತಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಎಸ್ಟೇಟಿನಲ್ಲಿ ಒಂದು ಪದ್ಧತಿ. ಹಾಜರಿಗೆ ಬಾರದವರಿದ್ದರೆ ರೈಟರು ಲೈನಿಗೆ, ಅಂದರೆ ಆಳುಗಳ ಸಾಲುಮನೆಗೆ, ತಾನೇ ಹೋಗಿ ವಿಚಾರಿಸಬೇಕು. ಜ್ವರವೋ, ಜಗಳವೋ, ಊರಿಗೆ ಓಡಿದನೋ? ಅದರಂತೆ ಚಿಕ್ಕಪ್ಪ ದಿನಾ ಅಪ್ಪನ ಹಾಸಿಗೆಯ ಹತ್ತಿರ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದ.

"ಅಣ್ಣ, ಜ್ವರ ಏನಿಲ್ವಲ್ಲ?"

"ಜ್ವರ ಇಲ್ಲ. ತಲೆನೋವಿದೆ. ಈಗ ತಾನೇ ಬಂದು ಪಕ್ಕದಲ್ಲಿ ನಿಂತದೆ."

ಓದಿನದು ಇನ್ನೊಂದು ಕಥೆ. ಬಿ.ಎ. ಓದಿದ್ದೆಲ್ಲ ಮರೆತುಹೋಗಿತ್ತಲ್ಲ, ಮನಶ್ಶಾಸ್ತ್ರದ ದಪ್ಪ ದಪ್ಪ ಪುಸ್ತಕ ತರಿಸಿಕೊಂಡ. ಓದುವ ಕ್ರಮ ಮಾತ್ರ ಕಾಫಿ ಪಿಕಿಂಗಿನದು. ಮೊದಲ ಸುತ್ತಿನಲ್ಲಿ ಹಣ್ಣಾದದ್ದನ್ನು ಮಾತ್ರ ಬಿಡಿಸುವುದು, ಅಂದರೆ ಸುಲಭವಾಗಿ ತಿಳಿಯುವ ಸಾಲು ಮಾತ್ರ ಓದುವುದು. ಎರಡನೇ ಸುತ್ತಿನಲ್ಲಿ ದೊಡ್ಡ ಕೊಯ್ಲು. ಕೊನೆಗೆ ಹಸಿರೋ ಕೆಂಪೋ ನೋಡದೆ ಗಿಡವನ್ನು ಬೋಳಿಸುವುದು. ಬೋಳಿಸಿದ ಮೇಲೆ ಒಣಗಿಸಬೇಡವೇ? ಒಂದು ಅಧ್ಯಾಯ ಮುಗಿದರೆ ಕಾಫಿ ಕಣದ ನಡುವೆ ಚಾಪೆ ಹಾಸಿ ಬಿಸಿಲಿಗೆ ಮಲಗಿಬಿಡುತ್ತಿದ್ದ! "ಓದಿದ್ದು ಒಣಗಬೇಕು ಕೂಸೇ. ಹಸಿ ಹಸಿಯಾಗೇ ಮೂಟೆ ಕಟ್ಟಿದ್ರೆ ಬೂಷ್ಟು ಹಿಡೀತದೆ." ಸ್ವಲ್ಪ ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದ, ಒಣಹಾಕಿದ ಕಾಫಿಯಲ್ಲಿ ಕೈಯಾಡಿಸಿದ ಹಾಗೆ.

ಚಿಕ್ಕಮ್ಮ ಮೊರ ಹಿಡಿದುಕೊಂಡು ಬಂದು ಕೇಳಿದಳು. "ಸಂಜೆಗೆ ಗುಡ್ಡೆ ಮಾಡಿ ಗೋಣಿತಾಟು ಹೊದಿಸ್ಲಾ, ಇಲ್ಲ ಎದ್ದು ಬಂದು ಉಣ್ತೀರಾ?"

ಕೊಯ್ಲಿನಲ್ಲಿ ನೆಲಕ್ಕೆ ಉದುರುವುದೂ ಇರುತ್ತದಲ್ಲ, ಅದನ್ನು ಆರಿಸಿದವಳು ಅಜ್ಜಿ. ಚಿಕ್ಕಪ್ಪ ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ, ಅರ್ಥ ಗೊತ್ತಿಲ್ಲದಿದ್ದರೂ ಇಂಗ್ಲಿಷು ವಾಕ್ಯಗಳು ಅವಳ ಬಾಯಿಗೆ ಬಂದಿದ್ದವು. ಒಂದು ದಿನ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಒಂದು ಪಾಠ ಒಪ್ಪಿಸುತ್ತ ನಡುವೆ ತಡವರಿಸಿದ. ಅಜ್ಜಿ ಬೀನ್ಸು ಮುರಿಯುತ್ತ ಮುಂದಿನ ಸಾಲು ಹೇಳಿಕೊಟ್ಟಳು. ಅವನು ಮರೆತ ಪಾಠ ಯಾವುದು ಗೊತ್ತೇ? ಜ್ಞಾಪಕಶಕ್ತಿ!

ಅರ್ಜಿಯ ಜೊತೆ ಹಿಂದಿನ ಯಜಮಾನರ ಶಿಫಾರಸು ಇಡಬೇಕಿತ್ತು. ಚಿಕ್ಕಪ್ಪ ಸುಂಟಿಕೊಪ್ಪಕ್ಕೆ ಹೋಗಿ ದೊರೆಯ ಕೈಯಲ್ಲಿ ಬರೆಸಿಕೊಂಡು ಬಂದ. ದೊರೆ ಪಾಪ ಆವರೆಗೆ ಶಿಫಾರಸು ಬರೆದದ್ದು ಅಡಿಗೆಯವರಿಗೆ ಮತ್ತು ಕುದುರೆಗಳಿಗೆ ಮಾತ್ರ ಎಂದು ಕಾಣುತ್ತದೆ. ನಾನು ಓದಿ ಎಲ್ಲರಿಗೂ ಅರ್ಥ ಹೇಳಿದೆ: "ಇವನು ಕುಡಿಯುವುದಿಲ್ಲ. ಮಳೆಗೂ ಚಳಿಗೂ ತಡೆಯುತ್ತಾನೆ. ಮೈಗೆ ಯಾವ ರೋಗವೂ ಇಲ್ಲ. ಆನೆ ಬಂದರೆ ಬೇಗ ಮರ ಹತ್ತುತ್ತಾನೆ."

"ಹಲ್ಲಿನ ವಿಚಾರ ಒಂದು ಬಿಟ್ಟವ್ನೆ" ಅಂದ ಅಪ್ಪ.

ಆ ಶಿಫಾರಸನ್ನೇ ಚಿಕ್ಕಪ್ಪ ನೀಟಾಗಿ ಮಡಿಸಿ ಕಳಿಸಿದ.

ಇನ್ಸ್‌ಪೆಕ್ಟರರು ಬರುವ ದಿನ ಬಂತು. ನಾನು ಅದೇ ಸ್ಕೂಲಿನ ದೊಡ್ಡ ಕ್ಲಾಸು. ನಮ್ಮ ಕ್ಲಾಸಿಗೂ ಚಿಕ್ಕಪ್ಪನ ಕ್ಲಾಸಿಗೂ ನಡುವೆ ಇದ್ದದ್ದು ಬಿದಿರಿನ ತಟ್ಟಿ, ತಟ್ಟಿಯಲ್ಲಿ ಒಂದು ತೂತು. ತೂತು ಮೊದಲು ಇರಲಿಲ್ಲ. ಹಿಂದಿನ ದಿನ ನಾನೇ ಮಾಡಿದ್ದು. ಇನ್ಸ್‌ಪೆಕ್ಟರರು ರುಮಾಲು, ಕೋಟು, ಸರಪಳಿ ಗಡಿಯಾರದ ಸಮೇತ ಹಿಂದಿನ ಕುರ್ಚಿಯಲ್ಲಿ ಕೂತರು. ಪಾಠ ಕಾವೇರಿ ನದಿ. ಬೋರ್ಡಿನ ಮೇಲೆ ಚಿಕ್ಕಪ್ಪ ನಕ್ಷೆ ಎಷ್ಟು ಚೆಂದ ಬರೆದಿದ್ದ ಅಂದರೆ, ಒರೆಸಿದರೆ ಕೈ ಒದ್ದೆಯಾಗುತ್ತದೋ ಅನ್ನಿಸುತ್ತಿತ್ತು.

ಚಿಕ್ಕಪ್ಪ ಹಾಜರಿ ಕರೆದ. ಗಾಡಿ ಹೊಡೆಯುವವನ ಮಗನ ಹೆಸರಿಗೆ ಉತ್ತರ ಬರಲಿಲ್ಲ. ಮತ್ತೊಮ್ಮೆ ಕರೆದ. "ಯಾಕ್ರೋ ಬಂದಿಲ್ಲ?"

"ಗೊತ್ತಿಲ್ಲ ಸಾ."

ಬೇರೆ ಯಾವ ಮೇಷ್ಟ್ರಾಗಿದ್ದರೂ ಗೈರು ಎಂದು ಗೀಚಿ ತಲಕಾವೇರಿಗೆ ಹೋಗುತ್ತಿದ್ದರು. ನಮ್ಮ ಚಿಕ್ಕಪ್ಪ ಸೀಮೆಸುಣ್ಣ ಕೆಳಗಿಟ್ಟ. "ಕ್ಷಮಿಸಬೇಕು ಸಾರ್, ಒಬ್ಬ ಕಮ್ಮಿ" ಅಂದ. ಮೂಲೆಯಲ್ಲಿದ್ದ ಕೊಡೆ ಕಂಕುಳಲ್ಲಿಟ್ಟುಕೊಂಡು ಹೊರಟೇಹೋದ!

ಇನ್ಸ್‌ಪೆಕ್ಟರರು ಬಾಗಿಲು ನೋಡಿದರು, ಗಡಿಯಾರ ನೋಡಿದರು, ಮಕ್ಕಳನ್ನು ನೋಡಿದರು. ಮಕ್ಕಳು ಅವರನ್ನೇ ನೋಡುತ್ತಿದ್ದರು. ಪಾಪ, ಎಷ್ಟು ಹೊತ್ತು ಹಾಗೆ ನೋಡಿಸಿಕೊಳ್ಳಲಾಗುತ್ತದೆ? ಕೊನೆಗೆ ತಾವೇ ಎದ್ದು ಸೀಮೆಸುಣ್ಣ ತೆಗೆದುಕೊಂಡು ಕಾವೇರಿಯ ಪಾಠ ಶುರು ಮಾಡಿದರು. ಮುಂದಿನ ಸಾಲಿನ ಒಬ್ಬ ಎದ್ದು ನಿಂತು, "ಸಾ, ನೀವಾ ಹೊಸ ಮೇಷ್ಟ್ರು?" ಅಂದ.

ಕಾವೇರಿ ಶ್ರೀರಂಗಪಟ್ಟಣ ಮುಟ್ಟುವ ಹೊತ್ತಿಗೆ ಚಿಕ್ಕಪ್ಪ ಬೆವರು ಸುರಿಸಿಕೊಂಡು ವಾಪಸ್ ಬಂದ. ಒಂದು ಕೈಯಲ್ಲಿ ಹುಡುಗ, ಸೊಂಟದ ಮೇಲೆ ಒಂದು ಕೂಸು! ತಾಯಿಗೆ ಜ್ವರ, ತಂದೆ ಗಾಡಿ ಹೊಡೆದುಕೊಂಡು ಹೋಗಿದ್ದ, ತಂಗಿಯನ್ನು ನೋಡಿಕೊಳ್ಳಲು ಹುಡುಗ ಮನೆಯಲ್ಲೇ ಉಳಿದಿದ್ದ. ತಾಯಿಗೆ ಗಂಜಿ ಕುಡಿಸಲು ಪಕ್ಕದ ಮನೆಯವರಿಗೆ ಹೇಳಿ, ಮಕ್ಕಳಿಬ್ಬರನ್ನೂ ಚಿಕ್ಕಪ್ಪ ಕರೆದುಕೊಂಡು ಬಂದಿದ್ದ. ಈಗ ಕೂಸನ್ನು ಎಲ್ಲಿ ಕೂರಿಸುವುದು? ಕ್ಲಾಸಿನಲ್ಲಿ ಖಾಲಿ ಇದ್ದದ್ದು ಇನ್ಸ್‌ಪೆಕ್ಟರರ ಕುರ್ಚಿ ಒಂದೇ. ಅಲ್ಲೇ ಕೂರಿಸಿದ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಇನ್ಸ್‌ಪೆಕ್ಟರರು ಕೈಯ ಸುಣ್ಣ ಕೊಡವಿಕೊಂಡು ಕೇಳಿದರು. "ಆನೆ ಬಂದರೆ ಮರ ಹತ್ತುತ್ತೀರಂತೆ. ಇನ್ಸ್‌ಪೆಕ್ಟರ್ ಬಂದರೆ ಊರು ಸುತ್ತಲು ಹೋಗುತ್ತೀರೋ?"

"ಇಲ್ಲ ಸಾರ್. ಹಾಜರಿ ಪೂರ್ತಿ ಆಗಬೇಕಲ್ಲ ಸಾರ್" ಅಂದ ಚಿಕ್ಕಪ್ಪ. ಅವರು ತಲೆಯನ್ನು ಮೇಲೆ ಕೆಳಗೂ ಆಡಿಸಲಿಲ್ಲ, ಅಡ್ಡಡ್ಡವೂ ಆಡಿಸಲಿಲ್ಲ. ಕುರ್ಚಿ ಒದ್ದೆಯಾಗಿದೆಯೇ ಎಂದು ಮಾತ್ರ ಮುಟ್ಟಿ ನೋಡಿದರು. ಆಗಿತ್ತು.

ನಾನು ಇದನ್ನೆಲ್ಲ ಮನೆಯಲ್ಲಿ ಮೂರು ಸಲ ಅಭಿನಯಿಸಿ ತೋರಿಸಿದೆ. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಅಪ್ಪ ನಗಲಿಲ್ಲ. "ಒಳ್ಳೇದಾಯ್ತು. ಟ್ರಂಕು ಒರೆಸಿಡು, ಮಳೆ ಹತ್ರ ಬಂತು" ಅಂದ. ಚಿಕ್ಕಪ್ಪ ನಿಜವಾಗಿಯೂ ಟ್ರಂಕು ಒರೆಸಿಟ್ಟ.

ಆದರೆ ಒಂದು ವಾರ ಬಿಟ್ಟು ಟಪಾಲಿನವನು ಕಾಗದ ತಂದ. ಸೀಟು ಸಿಕ್ಕಿತ್ತು! ಚಿಕ್ಕಮ್ಮ ಅವಲಕ್ಕಿಗೆ ಬೆಲ್ಲ ಕಲೆಸಿ ಓಣಿಗೆಲ್ಲ ಹಂಚಿದಳು. ಅಪ್ಪ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದ. ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಒಳ್ಳೆಯ ಕೋಟು ಹಾಕಿಕೊಂಡು, ಮೊದಲ ಮೋಟಾರಿಗೆ ಸುಂಟಿಕೊಪ್ಪಕ್ಕೆ ಹೊರಟುಬಿಟ್ಟ.

ಇನ್ನೇನು ಹೇಳುವುದಿದೆ? ರೈಟರ್ ಕೆಲಸಕ್ಕೆ ದಿನ ಗೊತ್ತು ಮಾಡಿ ಬರಲು ಹೋಗಿದ್ದಾನೆ ಅಂದುಕೊಂಡೆವು. ಅವತ್ತು ಗುದ್ದಲಿ ಬಾರಿಸಲಿಲ್ಲ. ಚಿಕ್ಕಪ್ಪ ಜಗಲಿಯ ಮೇಲೆ ಟ್ರಂಕಿನ ಪಕ್ಕ ಕೂತೇ ಇದ್ದ. ಬಿಸಿಲಿತ್ತು, ಒಣಗಲೂ ಹೋಗಲಿಲ್ಲ. ಅಜ್ಜಿ ಊಟಕ್ಕೆ ಕರೆದರೆ "ಆಮೇಲೆ ಅವ್ವ" ಅಂದ.

ನನಗೆ ನೋಡಲಾಗಲಿಲ್ಲ. ಸಂಜೆಗೆ ಅಪ್ಪನ ಹಳೇ ಕೋಟು ಹಾಕಿಕೊಂಡೆ, ಒಂದು ಪಂಚೆಯನ್ನು ರುಮಾಲಿನಂತೆ ಸುತ್ತಿಕೊಂಡೆ, ಇದ್ದಲಿನಿಂದ ಮೀಸೆ ಬರೆದುಕೊಂಡೆ. ಜಗಲಿಗೆ ಬಂದು ಅಪ್ಪನ ದನಿಯಲ್ಲಿ ಗುಡುಗಿದೆ. "ಲೋ ರೈಟರ್! ನಾನು ಕೊಟ್ಟ ಮಾತು ಅಂದ್ರೆ ಮಾತು! ಮದರಾಸಂತೆ ಮದರಾಸು! ನೀನು ಮರ ಹತ್ತೋಕೇ ಲಾಯಕ್ಕು, ನಡಿ ಎಸ್ಟೇಟಿಗೆ!" ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕಪ್ಪನ ತುಟಿಯ ಒಂದು ಮೂಲೆ ಸ್ವಲ್ಪ ಅಲ್ಲಾಡಿತು. ನನಗೆ ಉತ್ಸಾಹ ಬಂದು ಮೀಸೆ ತಿರುವಿದೆ. ಆಗ ನೋಡಿದೆ, ಅಜ್ಜಿ ನಗುತ್ತಿಲ್ಲ. ನನ್ನ ಹಿಂದೆ ನೋಡುತ್ತಿದ್ದಾಳೆ.

ಅಪ್ಪ ಅಂಗಳದಲ್ಲಿ ನಿಂತಿದ್ದ.

"ಕೋಟು ಬಿಚ್ಚು" ಅಂದ. ಬಿಚ್ಚಿದೆ. ಮೀಸೆಯನ್ನು ಏನು ಮಾಡುವುದೆಂದು ತಿಳಿಯದೆ ಕೈಯಿಂದ ಮುಚ್ಚಿಕೊಂಡೆ.

ಅಪ್ಪ ಹಂಡೆಯ ಹತ್ತಿರ ಹೋಗಿ ಚೊಂಬು ಎತ್ತಿಕೊಂಡ. "ದೊರೆಗೆ ಹೇಳಿ ಬಂದೆ. ನನ್ನ ಮಾತು ವಾಪಸ್ ತಗಂಡಿದೀನಿ, ಬೇರೆ ರೈಟರ್ನ ನೋಡ್ಕಳಿ ಅಂತ."

ಅಜ್ಜಿಯೇ ಕೇಳಿದಳು. "ದೊರೆ ಏನಂದ?"

"ಇಷ್ಟು ಬೇಗ ಮರ ಹತ್ತೋನು ಇನ್ನೆಲ್ಲಿ ಸಿಗ್ತಾನೆ ಅಂದ." ಅಪ್ಪ ಕಾಲಿಗೆ ನೀರು ಹುಯ್ದುಕೊಂಡ. "ಆ ಗಾಡಿಯೋನು ಸಂತೇಲಿ ಸಿಕ್ಕಿದ್ದ. ನನ್ನ ಮಗ ಬರ್ಲಿಲ್ಲ ಅಂತ ಬಿ.ಎ. ಓದಿದ ಮೇಷ್ಟ್ರು ಮನೆ ಬಾಗ್ಲಿಗೆ ಬಂದ್ರು ಗೌಡ್ರೇ, ಅಂತ ಕಣ್ಣಲ್ಲಿ ನೀರು ಹಾಕ್ಕಂಡ. ನಾನೇನನ್ಲಿ? ನಮ್ಮನೇಲಿ ಹಾಸಿಗೆವರ್ಗೂ ಬತ್ತಾನೆ ಕಣಪ್ಪ, ದಿನಾ ಬತ್ತಾನೆ, ಅಂದೆ."

ಚಿಕ್ಕಪ್ಪ ಎದ್ದು ನಿಂತಿದ್ದ. ಕನ್ನಡಕ ತೆಗೆದು ಒರೆಸುತ್ತಿದ್ದ, ಒರೆಸುತ್ತಲೇ ಇದ್ದ.

"ಇವತ್ತು ಹಾಜರಿ ಆಯ್ತೇನೋ?" ಅಂದ ಅಪ್ಪ.

"ಇಲ್ಲ ಅಣ್ಣ."

"ಕರಿ ಮತ್ತೆ. ಮದರಾಸಿಗೆ ಹೋದ ಮೇಲೆ ಯಾರು ಕರೀತಾರೆ?"

ಚಿಕ್ಕಪ್ಪ ಗುದ್ದಲಿ ಬಾರಿಸಿದ. ಸಂಜೆ ಹೊತ್ತಿನ ಆ ಶಬ್ದಕ್ಕೆ ಓಣಿಯವರೆಲ್ಲ ಬಾಗಿಲಿಗೆ ಬಂದರು. ಅವ್ವ ಅಂದ, ಅಜ್ಜಿ ಇದೀನಿ ಅಂದಳು. ಕೆಮ್ಮಿದ, ಚಿಕ್ಕಮ್ಮ ಹ್ಞೂಂ ಅಂದಳು. ನನ್ನನ್ನು ಕರೆದ, ನಾನು ಸೆಲ್ಯೂಟು ಹೊಡೆಯುವುದನ್ನು ಮರೆತೆ. ಆಮೇಲೆ ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡ.

"ಅಣ್ಣಾ."

ಅಪ್ಪ ಬಗ್ಗಿ ಹಿಮ್ಮಡಿ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

"ಇದೀನಿ ಕಣೋ" ಅಂದ.